ಆರ್‌ಒ ನೀರು ಬ್ಯಾಟರಿಗೆ ಯಾಕೆ ಬೇಡ?

ಪ್ರಶ್ನೆ: ಸರ್, ನಮ್ಮನೆ ಆರ್‌ಒ ನೀರಿಗೆ ಟಿಡಿಎಸ್ ಮೀಟರ್ ಇಟ್ರೆ 40 ತೋರಿಸತ್ತೆ. ಇಷ್ಟು ಪ್ಯೂರ್ ಇರೋ ನೀರನ್ನೂ ಇನ್ವರ್ಟರ್ ಬ್ಯಾಟರಿಗೆ ಹಾಕ್ಬೇಡಿ ಅಂತಾರೆ ಅಂಗಡಿಯವ್ರು. ನಿಜಾನಾ, ಇಲ್ಲಾ ಡಿಸ್ಟಿಲ್ಡ್ ವಾಟರ್ ಕ್ಯಾನ್ ಮಾರೋ ಐಡಿಯಾನಾ? ಕುದಿಸಿ ಆರಿಸಿ ಹಾಕಿದ್ರೆ ಆಗಲ್ವಾ?
– ಓದುಗರು, ತುಮಕೂರು

ಉತ್ತರ: ನಿಜಾನೇ ಹೇಳಿದಾರೆ. ಕುಡಿಯೋಕೆ ಒಳ್ಳೇದು ಅನ್ನೋದು ಬೇರೆ, ಕೆಮಿಸ್ಟ್ರಿಯಲ್ಲಿ ಶುದ್ಧ ಅನ್ನೋದೇ ಬೇರೆ. ಕೆಮಿಸ್ಟ್ರಿಗೆ ನಿಮ್ಮ ಆರೋಗ್ಯದ ಚಿಂತೆ ಇಲ್ಲ, ಇದ್ರಲ್ಲಿ ಇರೋದು ಒಂದೇ ವಸ್ತುನಾ ಅಂತ ಮಾತ್ರ ನೋಡತ್ತೆ, ಆ ಲೆಕ್ಕದಲ್ಲಿ ವಿಷಾನೂ ಶುದ್ಧ ವಸ್ತು ಆಗ್ಬೋದು, ಎಳನೀರು ಆಗಲ್ಲ. ಮೀಟರ್ 40 ಅಂದ್ರೆ ಲೀಟರಿಗೆ ಸುಮಾರು 40 ಮಿಲಿಗ್ರಾಂ ಲವಣ ಇನ್ನೂ ಕರಗಿದೆ ಅಂತ, ಅಂದ್ರೆ ಅದು ಮಿಶ್ರಣ. ಕುಡಿಯೋಕೆ ಏನೂ ತೊಂದ್ರೆ ಇಲ್ಲ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ 500 ವರೆಗೂ ಓಕೆ.

ಆದ್ರೆ ಬ್ಯಾಟರಿ ಚಾರ್ಜ್ ಆಗ್ತಾ ಆಗ್ತಾ ಖಾಲಿಯಾಗೋದು ಬರೀ ನೀರು, ಅದು ಹೈಡ್ರೋಜನ್ ಆಕ್ಸಿಜನ್ ಆಗಿ ಒಡೆದು ಹೋಗತ್ತೆ, ಲವಣ ಅಲ್ಲೇ ಕೂರತ್ತೆ, ನೀವು ಪ್ರತಿ ಸಲ ಟಾಪ್ ಅಪ್ ಮಾಡ್ದಾಗ್ಲೂ ಇನ್ನಷ್ಟು ಸೇರತ್ತೆ. ಅದ್ರಲ್ಲೂ ಕ್ಲೋರೈಡು, ಕಬ್ಬಿಣದ ಅಂಶ ಇದ್ರೆ ಬ್ಯಾಟರಿ ಬೇಗ ಕೆಡತ್ತೆ.

ಕುದಿಸೋದ್ರಿಂದಾನೂ ಇದೇ ಕಥೆ. ಆವಿಯಾಗಿ ಹೋಗೋದು ನೀರು, ಪಾತ್ರೇಲಿ ಉಳಿಯೋದ್ರಲ್ಲಿ ಲವಣ ಇನ್ನೂ ಗಟ್ಟಿ. ಆ ಆವಿ ಹಿಡಿದು ತಣ್ಣಗೆ ಮಾಡಿದ್ರೇನೇ ಡಿಸ್ಟಿಲ್ಡ್ ವಾಟರ್. ಶುದ್ಧ ನೀರು ಪೂರ್ತಿ ಆವಿಯಾಗೋವರೆಗೂ ಒಂದೇ ಉಷ್ಣತೆಯಲ್ಲಿ ಕುದಿಯತ್ತೆ (ಬೆಂಗಳೂರಿನ ಎತ್ತರದಲ್ಲಿ ಸುಮಾರು 97 ಡಿಗ್ರಿ, ಪುಸ್ತಕದ 100 ಸಮುದ್ರ ಮಟ್ಟದ್ದು), ಉಪ್ಪು ನೀರಿನದ್ದು ಕುದಿದಷ್ಟೂ ಮೆಲ್ಲಗೆ ಏರ್ತಾನೇ ಇರತ್ತೆ.

ಇನ್ನೊಂದು, ಆ ಮೀಟರನ್ನ ತೀರಾ ನಂಬ್ಬೇಡಿ. ಅದು ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ಅಷ್ಟೇ, ಒಂದು ಲೋಟ ಆರ್‌ಒ ನೀರಿಗೆ ನಾಕು ಚಮಚ ಸಕ್ಕರೆ ಕಲಸಿ ಇಟ್ಟು ನೋಡಿ, ನಂಬರ್ ಏರೋದೇ ಇಲ್ಲ ಅನ್ನಬೋದು.

ಪ್ರಶ್ನೆ: 916 ಚಿನ್ನದಲ್ಲಿ ತಾಮ್ರ ಬೆರೆತು ಒಂದೇ ಥರ ಕಾಣತ್ತಲ್ಲ, ಅದು ಸಂಯುಕ್ತ ಅಲ್ವಾ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಲ್ಲಮ್ಮ, ಮಿಶ್ರಣಾನೇ. ಒಂದೇ ಥರ ಕಾಣೋದಕ್ಕೂ ಸಂಯುಕ್ತ (ಧಾತುಗಳು ಯಾವಾಗ್ಲೂ ಒಂದೇ ಲೆಕ್ಕದಲ್ಲಿ ಕೂಡಿ ಆದ ವಸ್ತು) ಆಗೋದಕ್ಕೂ ಸಂಬಂಧ ಇಲ್ಲ. ನೀರು ಸಂಯುಕ್ತ, ಎಲ್ಲಿಂದ ತಂದ್ರೂ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ನೇ, ಅದನ್ನ ಯಾರೂ ಬದಲಾಯಿಸೋಕಾಗಲ್ಲ. ಒಡವೆ ಹಾಗಲ್ಲ, ಚಿನ್ನ 91.6 ಪರ್ಸೆಂಟ್ ಇದ್ರೆ 22 ಕ್ಯಾರಟ್, 75ಕ್ಕೆ ಇಳಿಸಿದ್ರೆ 18 ಕ್ಯಾರಟ್, ಉಳಿದಿದ್ದು ತಾಮ್ರಾನೋ ಬೆಳ್ಳೀನೋ ಅನ್ನೋದು ಮಾಡೋವ್ರಿಗೆ ಬಿಟ್ಟಿದ್ದು.