ಮನೇಲೇ ಪ್ಲಗ್, ಬೆಲ್ಟ್ ಬದಲಾಯಿಸಿದ ಮೇಲೆ ಮಾರುತಿ 800 ಟಿಕ್ ಟಿಕ್ ಅಂತಿದೆ, ಟ್ಯಾಪೆಟ್ ಮಾಡಿಸಬೇಕಾ?

ತಡೀರಿ, ಟ್ಯಾಪೆಟ್‌ಗೆ, ಅಂದ್ರೆ ಇಂಜಿನ್‌ನ ವಾಲ್ವ್‌ಗಳನ್ನ ಒತ್ತಿ ತೆರೆಯೋ ಭಾಗದ ಗ್ಯಾಪ್ ಸರಿ ಮಾಡಿಸೋದಕ್ಕೆ, ಈಗಲೇ ದುಡ್ಡು ಕೊಡಬೇಡಿ. ನೀವು ಬರೆದಿರೋ ಪ್ರಕಾರ ಗಾಡಿ 2006ರ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಟರ್ ಇರೋ) 800, ಭಾನುವಾರ ನೀವೇ ಕೂತು ಮೂರೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿದ್ರಿ, ಫ್ಯಾನ್ ಬೆಲ್ಟ್ ಬದಲಾಯಿಸಿದ್ರಿ, ಆಯಿಲ್ ಮತ್ತೆ ಫಿಲ್ಟರ್ ಚೇಂಜ್ ಮಾಡಿದ್ರಿ, ಶನಿವಾರದ ತನಕ ಸುಮ್ಮನಿದ್ದ ಇಂಜಿನ್ ಈಗ ಐಡ್ಲಿಂಗ್‌ನಲ್ಲಿ ಟಿಕ್ ಟಿಕ್ ಅಂತಿದೆ, ಆಕ್ಸಿಲರೇಟರ್ ಕೊಟ್ರೆ ಜೋರಾಗತ್ತೆ, ಅದರ ಜೊತೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕುಯ್ಯ್ ಅಂತ ಬೇರೆ ಒಂದು ಸದ್ದು. ಮೆಕ್ಯಾನಿಕ್ ಕೇಳಿದವರೇ ಟ್ಯಾಪೆಟ್ ಅಂದ್ರು. ಆದ್ರೆ ಟ್ಯಾಪೆಟ್ ಗ್ಯಾಪ್ ಒಂದೇ ರಾತ್ರಿಗೆ ಜಾಸ್ತಿ ಆಗೋದು ತುಂಬಾ ಅಪರೂಪ, ಅದು ಸಾವಿರಾರು ಕಿಲೋಮೀಟರ್ ಓಡ್ತಾ ಓಡ್ತಾ ನಿಧಾನಕ್ಕೆ ಆಗೋ ಕೆಲಸ. ನೀವು ಟ್ಯಾಪೆಟ್ ಕವರ್ ಬಿಚ್ಚೇ ಇಲ್ಲ. ಶನಿವಾರ ಇಲ್ಲದ ಸದ್ದು ಭಾನುವಾರ ಬಂದಿದೆ ಅಂದ್ರೆ ಭಾನುವಾರ ನಿಮ್ಮ ಕೈ ಎಲ್ಲೆಲ್ಲಿ ಹೋಗಿತ್ತೋ ಮೊದಲು ಅಲ್ಲೇ ಹುಡುಕಬೇಕು.

ಮೊದಲು ಆಯಿಲ್ ನೋಡಿ, ಬೇರೆದೆಲ್ಲ ಆಮೇಲೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದು ಬಟ್ಟೇಲಿ ಒರೆಸಿ ಮತ್ತೆ ಹಾಕಿ ತೆಗೀರಿ. ಆಯಿಲ್ ಎರಡು ಗುರುತಿನ ಮಧ್ಯ ಇರಬೇಕು. ಕೆಳಗೆ ಬಗ್ಗಿ ಫಿಲ್ಟರ್ ಸುತ್ತ ಹನಿ ಇದ್ಯಾ ನೋಡಿ, ಯಾಕಂದ್ರೆ ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿಬಿಡೋದು ಬಹಳ ಜನಕ್ಕೆ ಆಗತ್ತೆ, ಎರಡು ರಿಂಗ್ ಇದ್ರೆ ಯಾವಾಗ ಬೇಕಾದ್ರೂ ಒಂದು ಪಿಚಕ್ಕಂತ ಹೊರಗೆ ಬಂದು ಆಯಿಲ್ ಎಲ್ಲ ರೋಡಿಗೆ ಹೋಗತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಆಯಿಲ್ ಲೈಟ್ ಹತ್ತಿದ್ರೆ, ಅಥವಾ ಸದ್ದು ಟಿಕ್ ಅಲ್ಲ, ಕೆಳಗಿಂದ ಧಬ್ ಧಬ್ ಅಂತ ಭಾರವಾಗಿ ಬರ್ತಿದ್ರೆ, ಇಂಜಿನ್ ಆಫ್ ಮಾಡಿ, ಗ್ಯಾರೇಜ್‌ಗೂ ಓಡಿಸಬೇಡಿ, ಟೋ ಮಾಡಿಸಿ.

ಆಯಿಲ್ ಸರಿ ಇದೆ ಅಂದ್ರೆ ನನಗೆ ಅನುಮಾನ ಇರೋದು ಪ್ಲಗ್ ಮೇಲೆ. ಇದು ನನಗೇ ಆಗಿರೋದು. ನಮ್ಮ ಮನೇಲೂ 800 ಇತ್ತು, ಪ್ಲಗ್ ಹಾಕೋವಾಗ ಹೆಡ್ (ಪ್ಲಗ್ ಕೂರೋ ಇಂಜಿನ್‌ನ ಮೇಲ್ಭಾಗ) ಅಲ್ಯುಮಿನಿಯಂ, ಜಾಸ್ತಿ ಟೈಟ್ ಮಾಡಿದ್ರೆ ಥ್ರೆಡ್ ಹೋಗತ್ತೆ ಅಂತ ಎಲ್ಲರೂ ಹೇಳಿದ್ದಕ್ಕೆ ಹೆದರಿ ಮೆಲ್ಲಗೆ ಟೈಟ್ ಮಾಡಿ ಬಿಟ್ಟಿದ್ದೆ. ಎರಡು ದಿನಕ್ಕೆ ಟಿಕ್ ಟಿಕ್ ಶುರು. ಒಂದು ಗ್ಯಾರೇಜ್‌ನಲ್ಲಿ ಟ್ಯಾಪೆಟ್ ಅಂತ ಹೇಳಿ ಅಡ್ಜಸ್ಟ್ ಮಾಡಿ ದುಡ್ಡೂ ತಗೊಂಡ್ರು, ಸದ್ದು ಹಾಗೇ ಇತ್ತು. ಆಮೇಲೆ ಒಂದು ಸಂಜೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡ್ತೀನಿ, ಎರಡು ಪ್ಲಗ್‌ನ ಬುಡ ಒಣಗಿದೆ, ಮೂರನೇದರ ಬುಡದಲ್ಲಿ ಮಾತ್ರ ಕಪ್ಪಗೆ ಉಂಗುರದ ಥರ ಮಸಿ. ಬಟ್ಟೆ ಒಗೆಯೋ ಸೋಪ್ ನೀರು ಎರಡು ಹನಿ ಅಲ್ಲಿ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಪ್ರತಿ ಟಿಕ್‌ಗೂ ಒಂದು ಗುಳ್ಳೆ ಎದ್ದು ಒಡೀತಿತ್ತು, ಕಣ್ಣಿಗೂ ಕಿವಿಗೂ ಒಂದೇ ತಾಳ. ಪ್ಲಗ್ ಬುಡದಿಂದ ಸಿಲಿಂಡರ್‌ನ ಗ್ಯಾಸ್ ಲೀಕ್ ಆಗ್ತಿತ್ತು.

ಆ ಗ್ಯಾರೇಜ್‌ನವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಯಾಕಂದ್ರೆ ಕಿವಿಗೆ ಎರಡೂ ಒಂದೇ ಥರ ಕೇಳತ್ತೆ. ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟ್ ತಿರುಗೋದು ಇಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಅರ್ಧ ಸ್ಪೀಡಲ್ಲಿ, ಅಂದ್ರೆ ಇಂಜಿನ್ 840 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದ್ರೆ ಒಂದು ವಾಲ್ವ್ ನಿಮಿಷಕ್ಕೆ 420 ಸಲ ತೆರೆಯತ್ತೆ, ಸೆಕೆಂಡಿಗೆ 7 ಟಿಕ್. ಒಂದು ಸಿಲಿಂಡರ್ ಫೈರ್ ಆಗೋದೂ ಎರಡು ಸುತ್ತಿಗೆ ಒಂದೇ ಸಲ, ಅದೂ ಸೆಕೆಂಡಿಗೆ 7. ಹಾಗಾಗಿ ಬರೀ ತಾಳ ಕೇಳಿ ಟ್ಯಾಪೆಟ್ಟಾ ಪ್ಲಗ್ಗಾ ಅಂತ ಯಾರೂ ಹೇಳಕ್ಕಾಗಲ್ಲ. ಜಾಗ ಹುಡುಕಬೇಕು.

ಅದಕ್ಕೆ ಎರಡು ಸಾಮಾನು ಸಾಕು. ಒಂದು ಉದ್ದದ ಸ್ಕ್ರೂಡ್ರೈವರ್, ಇನ್ನೊಂದು ಒಂದು ಮೀಟರ್ ರಬ್ಬರ್ ಪೈಪ್. ಸ್ಕ್ರೂಡ್ರೈವರ್ ತುದಿ ಟ್ಯಾಪೆಟ್ ಕವರ್ ಮೇಲೆ ಒತ್ತಿ ಹಿಡಿಕೆ ಕಿವಿಗೆ ಹಚ್ಚಿದ್ರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯೋ ಸದ್ದು ನೇರ ಒಳಗಿಂದ ಕೇಳತ್ತೆ, ಟ್ಯಾಪೆಟ್ ಆಗಿದ್ರೆ ಒಂದು ಜಾಗದಲ್ಲಿ ಚುಚ್ಚಿದ ಹಾಗೆ ಜೋರಾಗಿರತ್ತೆ. ಗ್ಯಾಸ್ ಲೀಕ್ ಸದ್ದು ಗಾಳೀಲಿ ಬರೋದು, ಅದಕ್ಕೆ ಪೈಪ್. ಒಂದು ತುದಿ ಕಿವೀಲಿ ಇಟ್ಟು ಇನ್ನೊಂದು ತುದಿ ಪ್ಲಗ್‌ನಿಂದ ಪ್ಲಗ್‌ಗೆ, ಆಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಗೆ ತರೋ ಕೊಳವೆ) ಉದ್ದಕ್ಕೂ ಸರಿಸ್ತಾ ಹೋಗಿ, ಲೀಕ್ ಇರೋ ಕಡೆ ಬಂದ ತಕ್ಷಣ ಚಫ್ ಚಫ್ ಅಂತ ಕಿವಿಗೇ ಊದಿದ ಹಾಗಾಗತ್ತೆ. ದಯವಿಟ್ಟು ತೋಳಿನ ಬಟ್ಟೆ ಮಡಚಿ, ಕೊರಳಲ್ಲಿ ಟವೆಲ್, ದಾರ ಏನೂ ಬೇಡ, ಬೆಲ್ಟ್ ಕಡೆ ಮುಖ ತಗೊಂಡು ಹೋಗಬೇಡಿ. ರೇಡಿಯೇಟರ್ ಫ್ಯಾನ್ ಕರೆಂಟಿನದು, ಹೇಳದೆ ಕೇಳದೆ ಆನ್ ಆಗತ್ತೆ.

ಆಮೇಲೆ ಕತ್ತಲಾದ ಮೇಲೆ ಲೈಟೆಲ್ಲ ಆರಿಸಿ ಒಂದ್ಸಲ ಪ್ಲಗ್ ವೈರ್‌ಗಳ ಕಡೆ ದೂರದಿಂದ ನೋಡಿ. ವೈರ್ ಟಕ್ ಅಂತ ಕೂರದೇ ಇದ್ರೆ, ಇಲ್ಲಾ ಪ್ಲಗ್‌ನ ಬಿಳಿ ಪಿಂಗಾಣಿ ಸೀಳಿದ್ರೆ ನೀಲಿ ಕಿಡಿ ಹೊರಗೇ ಹಾರ್ತಿರತ್ತೆ, ಅದರದೂ ಟಿಕ್ ಸದ್ದೇ, ಆದ್ರೆ ಇಂಜಿನ್ ಮಿಸ್ ಹೊಡಿಯತ್ತೆ, ಅಂದ್ರೆ ಕುಂಟ್ತಾ ಓಡತ್ತೆ. ಮುಟ್ಟಬೇಡಿ ಮಾತ್ರ.

ಪ್ಲಗ್ಗೇ ಅಂತ ಗೊತ್ತಾದ್ರೆ ಇಂಜಿನ್ ಪೂರ್ತಿ ತಣ್ಣಗಾಗಲಿ, ಬಿಸಿ ಅಲ್ಯುಮಿನಿಯಂನಲ್ಲಿ ಪ್ಲಗ್ ತಿರುಗಿಸಿದ್ರೆ ಥ್ರೆಡ್ ಕಿತ್ತು ಬರಬಹುದು. ಬಿಚ್ಚಿ, ಕೂರೋ ಜಾಗ ಬಟ್ಟೇಲಿ ಒರೆಸಿ, ವಾಷರ್ ಒಂದೇ ಇದ್ಯಾ, ಹಳೇದು ಒಳಗೆ ಉಳಿದಿದ್ಯಾ ನೋಡಿ. ಬರೀ ಬೆರಳಲ್ಲಿ ಪೂರ್ತಿ ಒಳಗೆ ಹೋಗೋ ತನಕ ತಿರುಗಿಸಿ, ಮಧ್ಯದಲ್ಲಿ ಬಿಗಿಯಾದ್ರೆ ಥ್ರೆಡ್ ಅಡ್ಡ ಹತ್ತಿದೆ ಅಂತ ಅರ್ಥ, ಬಲ ಹಾಕದೆ ವಾಪಸ್ ಬಿಚ್ಚಿ. ಕೂತ ಮೇಲೆ ಸ್ಪ್ಯಾನರ್‌ನಲ್ಲಿ ಹೊಸ ಪ್ಲಗ್ ಆದ್ರೆ ಅರ್ಧ ಸುತ್ತಿನಿಂದ ಮುಕ್ಕಾಲಿಗೆ ಸ್ವಲ್ಪ ಕಮ್ಮಿ, ಆಗ ವಾಷರ್ ಜಜ್ಜಿ ಸೀಲ್ ಆಗೋದು ಕೈಗೇ ಗೊತ್ತಾಗತ್ತೆ. ವಾಷರ್ ಆಗಲೇ ಒಂದ್ಸಲ ಪೂರ್ತಿ ಜಜ್ಜಿರೋ ಪ್ಲಗ್‌ಗೆ ಅಷ್ಟು ಬೇಡ, ಗಡಿಯಾರದ ಮುಖದಲ್ಲಿ 12ರಿಂದ 1ಕ್ಕೆ ಹೋಗೋವಷ್ಟು ತಿರುಗಿಸಿದ್ರೆ ಸಾಕು. ಟಿಕ್ ಟಿಕ್ ತಾನೇ ಅಂತ ಹಾಗೇ ಓಡಿಸಬೇಡಿ, ಪ್ಲಗ್ ತನ್ನ ಬಿಸಿನ ಹೆಡ್‌ಗೆ ಬಿಡೋದೇ ಆ ಬುಡದಿಂದ, ಲೂಸ್ ಇದ್ರೆ ತುದಿ ಕೆಂಪಗೆ ಕಾದು ಪಿಸ್ಟನ್‌ಗೇ ಏಟು ಬೀಳಬಹುದು.

ಇನ್ನು ಆ ಕುಯ್ಯ್. ಅದು ಬೆಲ್ಟ್‌ದೇ ಅಂತ ನನಗೆ ಅನ್ಸತ್ತೆ, ಟಿಕ್ ಟಿಕ್‌ಗೂ ಅದಕ್ಕೂ ಸಂಬಂಧ ಇಲ್ಲ, ಎರಡನ್ನೂ ಸೇರಿಸಿ ತಲೆ ಕೆಡಿಸ್ಕೋಬೇಡಿ. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಎಳ್ಕೊಳ್ಳತ್ತೆ, ಬೆಳಿಗ್ಗೆ ಬ್ಯಾಟರಿ ಚಾರ್ಜ್ ಆಗೋವಾಗ ಆಲ್ಟರ್ನೇಟರ್ (ಬ್ಯಾಟರಿಗೆ ಕರೆಂಟ್ ಕೊಡೋದು, ಬೆಲ್ಟ್‌ನಿಂದ ತಿರುಗತ್ತೆ) ಮೇಲೆ ಲೋಡ್ ಜಾಸ್ತಿ, ಬೆಲ್ಟ್ ಜಾರಿ ಕುಯ್ಯ್ ಅನ್ನತ್ತೆ. ಸದ್ದು ಇರೋವಾಗ ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಇನ್ನೂ ಜಾಸ್ತಿ ಆದ್ರೆ ಲೂಸ್ ಇದೆ, ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದ್ರೆ ಪುಲ್ಲಿಗಳು ಒಂದೇ ಸಾಲಲ್ಲಿ ಇಲ್ಲ. ಇಂಜಿನ್ ಆಫ್ ಇದ್ದಾಗ ಎರಡು ಪುಲ್ಲಿ ಮಧ್ಯ ಹೆಬ್ಬೆರಳಲ್ಲಿ ಜೋರಾಗಿ ಒತ್ತಿದ್ರೆ ಹೆಚ್ಚು ಕಮ್ಮಿ ಒಂದು ಸೆಂಟಿಮೀಟರ್ ಒಳಗೆ ಹೋಗಬೇಕು. ಸದ್ದು ನಿಲ್ಲಲಿ ಅಂತ ತಂತಿ ಥರ ಬಿಗೀಬೇಡಿ, 800ರಲ್ಲಿ ವಾಟರ್ ಪಂಪ್‌ನೂ ಅದೇ ಬೆಲ್ಟ್ ತಿರುಗಿಸೋದು, ಪಂಪ್ ಬೇರಿಂಗ್ ಹೋದ್ರೆ ಖರ್ಚು ಬೇರೆ. ಅನುಮಾನ ಉಳಿದ್ರೆ ಬೆಲ್ಟ್ ತೆಗೆದು ಮೂವತ್ತೇ ಸೆಕೆಂಡ್ ಇಂಜಿನ್ ಓಡಿಸಿ ನೋಡಿ, ಕುಯ್ಯ್ ಬರದೇ ಇದ್ರೆ ಅದು ಬೆಲ್ಟ್ ಕಡೇದೇ. ವಾಟರ್ ಪಂಪ್ ನಿಂತಿರತ್ತೆ, ಅದಕ್ಕೆ ಮೂವತ್ತು ಸೆಕೆಂಡ್‌ಗಿಂತ ಜಾಸ್ತಿ ಬೇಡ.

ಸೋಪ್ ನೀರಿನ ಟೆಸ್ಟ್ ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಮಾಡಿ, ಬಿಸಿ ಆದ್ರೆ ನೀರು ಆರಿಹೋಗಿ ಏನೂ ಕಾಣಲ್ಲ. ಮೂರರಲ್ಲಿ ಯಾವ ಪ್ಲಗ್‌ನಲ್ಲಿ ಗುಳ್ಳೆ ಬಂತು ಅಂತ ಬರೀರಿ. ಯಾವುದರಲ್ಲೂ ಬರಲಿಲ್ಲ, ಪೈಪ್‌ನಲ್ಲೂ ಎಲ್ಲೂ ಚಫ್ ಅನ್ನಲಿಲ್ಲ, ಸ್ಕ್ರೂಡ್ರೈವರ್‌ಗೆ ಕವರ್ ಮೇಲೇ ಜೋರು ಅಂದ್ರೆ ಆಗ ಟ್ಯಾಪೆಟ್ ವಿಷಯ ಮಾತಾಡೋಣ, ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹೇಗೆ ಹಾಕೋದು ಅಂತ ನಾನೇ ಬರೀತೀನಿ.