ಮೀಟಿಂಗಲ್ಲಿ ಠರಾವು ಆದರೆ ದಂಡ ಹಾಕಬಹುದಾ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಬೇಕರಿ ಇದೆ. ಹಸಿ ಕಸ, ಒಣ ಕಸ ಬೇರೆ ಮಾಡಿಲ್ಲ ಅಂತ ಪುರಸಭೆಯವರು 500 ರೂಪಾಯಿ ದಂಡ ಹಾಕಿದರು. ಯಾವ ಕಾನೂನು ಅಂತ ಕೇಳಿದ್ದಕ್ಕೆ, ‘ಹೋದ ಮೀಟಿಂಗಲ್ಲಿ ಠರಾವು ಪಾಸಾಗಿದೆ’ ಎಂದರು. ರಸೀದಿಯನ್ನೂ ಕೊಡಲಿಲ್ಲ. ಕಾನೂನು ಮಾಡೋದು ವಿಧಾನಸಭೆ ಅಲ್ವಾ? ಪುರಸಭೆಗೂ ಆ ಅಧಿಕಾರ ಇದೆಯಾ?

ಉತ್ತರ: ಇದೆ, ಆದರೆ ಅದು ವಿಧಾನಸಭೆಯೇ ಕೊಟ್ಟ ಅಧಿಕಾರ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆ ಬೈಲಾ, ಅಂದರೆ ತಮ್ಮ ಊರಿನ ಮಟ್ಟಿಗಿನ ನಿಯಮ, ಮಾಡುವ ಅಧಿಕಾರ ಕೊಟ್ಟಿವೆ. ಆ ಕಾಯ್ದೆ ಹೇಳಿದ ವಿಷಯ, ಹೇಳಿದ ಮಿತಿ ಬಿಟ್ಟು ಆಚೆ ಹೋಗುವ ಹಾಗಿಲ್ಲ.

ಆದರೆ ಠರಾವೇ ಬೈಲಾ ಅಲ್ಲ. ನಮ್ಮ ಊರುಗಳಲ್ಲಿ ಜನರನ್ನು ಹೆದರಿಸುವುದು ಇಲ್ಲೇ. ಪುರಸಭೆ ಮೊದಲು ಕರಡು ಪ್ರಕಟಿಸಬೇಕು, ನಿಮ್ಮಂಥವರು ಆಕ್ಷೇಪಣೆ ಸಲ್ಲಿಸಲು ಸಮಯ ಕೊಡಬೇಕು, ಬಂದ ಆಕ್ಷೇಪಣೆಗಳನ್ನು ನೋಡಿ, ಸರ್ಕಾರದ ಮಂಜೂರಾತಿ ಪಡೆದು, ರಾಜ್ಯಪತ್ರದಲ್ಲಿ (ಗೆಜೆಟ್) ಹಾಕಿಸಬೇಕು. ಇಷ್ಟೆಲ್ಲ ಆದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಬರೀ ಸದಸ್ಯರು ಕೈ ಎತ್ತಿದ್ದಕ್ಕೆ ನಿಮ್ಮ ಗಲ್ಲಾಪೆಟ್ಟಿಗೆಯಿಂದ ದಂಡ ತೆಗೆಸಲು ಆಗುವುದಿಲ್ಲ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಕಸ ಬೇರೆ ಮಾಡುವ ಹೊಣೆ ನಿಮ್ಮ ಪುರಸಭೆ ಹುಟ್ಟಿಸಿದ್ದಲ್ಲ. 2016ರಲ್ಲೇ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮನೆ, ಅಂಗಡಿ ಎಲ್ಲರ ಮೇಲೂ ಹೊರಿಸಿದವು. ಪಾಲಿಸದವರಿಗೆ ಸ್ಥಳದಲ್ಲೇ ದಂಡ ಹಾಕಲು ಬೈಲಾ ಮಾಡಿಕೊಳ್ಳಿ ಅಂತ ಸ್ಥಳೀಯ ಸಂಸ್ಥೆಗಳಿಗೂ ಹೇಳಿದವು. ಹಾಗಾಗಿ ನಿಮ್ಮ ಊರಲ್ಲಿ ಸರಿಯಾದ ಬೈಲಾ ಇದ್ದರೆ ನೀವು ಕಟ್ಟಿದ ದಂಡ ಸರಿಯೇ. ಮೊಟ್ಟೆ ಸಿಪ್ಪೆ, ಕ್ರೀಮ್ ಮೆತ್ತಿದ ಪೇಪರ್, ಪ್ಲಾಸ್ಟಿಕ್ ಕವರ್ ಎಲ್ಲ ಒಂದೇ ಚೀಲದಲ್ಲಿ ಹೋದರೆ ಅದನ್ನು ಬರಿಗೈಲಿ ಆರಿಸುವವರು ಪೌರಕಾರ್ಮಿಕರು. ಅವರ ಆರೋಗ್ಯ ನಿಮ್ಮ 500 ರೂಪಾಯಿಗಿಂತ ದೊಡ್ಡದು.

ಈಗ ಮಾಡಬೇಕಾದ್ದು: ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆದು ಬೈಲಾದ ಪ್ರತಿ ಮತ್ತು ಕಟ್ಟಿದ ಹಣಕ್ಕೆ ರಸೀದಿ ಕೇಳಿ, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸುಮ್ನೆ ಓಡಾಡಿಸಿದರೆ 10 ರೂಪಾಯಿ ಶುಲ್ಕದ ಜೊತೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ರಸೀದಿ ಇಲ್ಲದೆ ಇನ್ನು ಮುಂದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ನಮ್ಮ ಅಮ್ಮ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ. ಮೊನ್ನೆ ಪುರಸಭೆಯವರು ಗಾಡಿಯನ್ನು ಸೊಪ್ಪಿನ ಸಮೇತ ಎತ್ತಿಕೊಂಡು ಹೋದರು. ಕೇಳೋರೇ ಇಲ್ವಾ?

ಉತ್ತರ: ಇದ್ದಾರಮ್ಮ. ಇಲ್ಲಿ ಸ್ಥಳೀಯ ಬೈಲಾಕ್ಕಿಂತ ಮೇಲಿನದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಬರೆದು, ಸಹಿ ಹಾಕಿ, ನಿಮ್ಮಮ್ಮನ ಕೈಗೆ ಒಂದು ಪ್ರತಿ ಕೊಡಬೇಕು. ಸೊಪ್ಪು, ಹಣ್ಣಿನಂತಹ ಬೇಗ ಕೆಡುವ ಮಾಲನ್ನು ವಾಪಸ್ ಕೇಳಿದ ದಿನವೇ ಕೊಡಬೇಕು, ಬೇರೆ ಸಾಮಾನಾದರೆ ಎರಡು ಕೆಲಸದ ದಿನಗಳಲ್ಲಿ. ಪಟ್ಟಿ ಕೊಡದಿದ್ದರೆ, ಎತ್ತಿಕೊಂಡು ಹೋದ ದಿನ, ಹೊತ್ತು, ಯಾವ ಸೊಪ್ಪು ಎಷ್ಟು ಕಟ್ಟು ಇತ್ತು ಅನ್ನುವುದನ್ನೆಲ್ಲ ಬರೆದು ಮುಖ್ಯಾಧಿಕಾರಿಗೆ ದೂರು ಕೊಡಿ. ಜಗ್ಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟ್ ಆವರಣದಲ್ಲೇ ಇರುತ್ತದೆ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ.