ಒಂದೇ ಧರ್ಮ ಮಾತ್ರ ನಿಜವಾಗಿರಲು ಸಾಧ್ಯವೇ? ವಾದ ಮಾಡಿದರೆ ಇದು ಯಾಕೆ ತೀರ್ಮಾನ ಆಗುವುದಿಲ್ಲ?

ಸಾಧ್ಯವಿದೆ. ಆದರೆ ಅದು ಯಾವುದು ಎಂದು ವಾದ ಮಾಡಿ ತೋರಿಸುವುದು ಬಹಳ ಕಷ್ಟ. ಎಲ್ಲ ಧರ್ಮಗಳೂ ಹೇಳುವುದು ಒಂದೇ ಎಂಬ ಮಾತು ಕೇಳಲು ಚೆನ್ನ, ಪೂರ್ತಿ ನಿಜವಲ್ಲ. ಯೇಸು ಶಿಲುಬೆಯ ಮೇಲೆ ಸತ್ತರು ಎನ್ನುವುದು ಕ್ರೈಸ್ತ ನಂಬಿಕೆಯ ಬುಡ. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ ಎನ್ನುತ್ತದೆ ಕುರಾನಿನ 4ನೇ ಅಧ್ಯಾಯ. ಎರಡೂ ಒಟ್ಟಿಗೆ ಸರಿ ಇರಲು ಆಗುವುದಿಲ್ಲ, ಅಲ್ವಾ?

ತೊಡಕು ಇರುವುದು ಸಾಕ್ಷಿಯಲ್ಲಿ. ಜಾಸ್ತಿ ಜನ ಮುಂದಿಡುವುದು ತಮ್ಮ ಗ್ರಂಥ, ತಮ್ಮ ಅನುಭವ. ಮೊದಲೇ ನಂಬಿದವರಿಗೆ ಮಾತ್ರ ಅದು ಸಾಕ್ಷಿ. ಎದುರಿನವರ ಕೈಯಲ್ಲೂ ಅಂಥದ್ದೇ ಒಂದು ಗ್ರಂಥ ಇರುತ್ತದೆ. ಇಬ್ಬರೂ ಒಪ್ಪುವ ಅಳತೆಗೋಲು ಇಲ್ಲದಿದ್ದರೆ ಸುಮ್ನೆ ದನಿ ಏರುತ್ತದೆ, ಅಷ್ಟೇ. ಇತಿಹಾಸದ ವಿಷಯವಾದರೆ ಹೊರಗಿನ ದಾಖಲೆಗಳನ್ನಾದರೂ ನೋಡಬಹುದು. ಸತ್ತ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಅದೂ ಇಲ್ಲ.